ಕಾಯಿಲೆಯ ಮನೆಯಲ್ಲಿ ಆಡಬೇಕಾದ ಮಾತು



ಶತಮಾನೋತ್ಸವದ ಈ ಸಂಭ್ರಮದಲ್ಲಿ ಕಾಯಿಲೆಯ ಮಾತನ್ನೇಕೆ ಎತ್ತುತ್ತಾನೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ದೇವಾಲಯದ ಗಂಟೆ ಮದುವೆಗೆ ಬಾರಿಸಿದಂತೆ ಮರಣಕ್ಕೂ ಬಾರಿಸುತ್ತದೆ. ಈ ಎರಡರ ನಡುವೆ, ಹಾಸಿಗೆ ಹಿಡಿದ ಹಿರಿಯರ ಸುತ್ತ ಒಂದು ಕುಟುಂಬ ಹೇಗೆ ಮಾತನಾಡಿಕೊಳ್ಳಬೇಕು ಎಂಬುದನ್ನು ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಆ ಕುರಿತು ನನ್ನ ಅನುಭವವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

2014ರಲ್ಲಿ ನನ್ನ ತಂದೆಯವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ತಿಳಿದುಬಂತು. ಅಣ್ಣ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರು. ತಂಗಿಯನ್ನು ಗೂಡಲೂರಿಗೆ ಕೊಟ್ಟಿದ್ದೆವು. ಮನೆಯಲ್ಲಿ ಆರೈಕೆಯ ಭಾರವನ್ನೆಲ್ಲ ನನ್ನ ಹೆಂಡತಿಯೇ ಹೊತ್ತಿದ್ದಳು. ಅಪ್ಪನಿಗೆ ಹೇಳಬಾರದು, ಅಮ್ಮನಿಗೆ ಹೇಳಬಾರದು, ತಂಗಿ ಅಳುಬುರುಕಿ, ಅವಳಿಗಂತೂ ಹೇಳಲೇಬಾರದು ಎಂದು ನಾವು ಅಣ್ಣತಮ್ಮಂದಿರು ಆಸ್ಪತ್ರೆಯ ಹೊರಗೆ ನಿಂತು ತೀರ್ಮಾನಿಸಿಕೊಂಡೆವು. ಪ್ರೀತಿಯಿಂದಲೇ ಹಾಗೆ ಮಾಡಿದೆವು. ಒಂದು ದಿನ ಅಪ್ಪ, "ಮಗಾ, ಹೊಲದ ಪಾಲನ್ನು ಬರೆಸಿಬಿಡೋಣವೇ?" ಎಂದು ಕೇಳಿದರು. "ನಿಮಗೇನೂ ಆಗಿಲ್ಲ, ಸುಮ್ಮನಿರಿ ಅಪ್ಪಾ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಮೂರು ತಿಂಗಳ ಬಳಿಕ ಒಂದು ಸಂಜೆ ಅವರ ಉಸಿರು ಭಾರವಾಯಿತು. ಆಗ ತಂಗಿಗೆ ಫೋನು ಮಾಡಿದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದು ತಮಗೆ ತಿಳಿದೇ ಇದೆ. ಆಂಬುಲೆನ್ಸಿಗೆ ವಿನಾಯಿತಿಯುಂಟು, ತಂದೆಯ ಮುಖ ನೋಡಲು ಬಾಡಿಗೆ ಕಾರಿನಲ್ಲಿ ಬರುವ ಮಗಳಿಗಿಲ್ಲ. ಕಾಡಿನ ಆಚೆಯ ಗೇಟಿನಲ್ಲಿ ಅವಳು ರಾತ್ರಿಯಿಡೀ ಕಾದಳು. ಬೆಳಗಿನ ಜಾವ ಮೂರು ಗಂಟೆಗೆ ಅಪ್ಪ ತೀರಿಕೊಂಡರು. ಗೇಟನ್ನು ದೂರುವಂತಿಲ್ಲ, ಆ ನಿಯಮ ಮೂಕಪ್ರಾಣಿಗಳ ರಕ್ಷಣೆಗೆಂದು ಆದದ್ದು. "ಮೂರು ತಿಂಗಳಿಂದ ನಿಮಗೆ ಗೊತ್ತಿತ್ತಲ್ಲ ಅಣ್ಣಾ, ನನಗೇಕೆ ಹೇಳಲಿಲ್ಲ?" ಎಂದು ಅಂಗಳದಲ್ಲಿ ನಿಂತು ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಅಮ್ಮ ಇನ್ನೊಂದು ಸಂಗತಿಯನ್ನು ತಿಳಿಸಿದರು. ಆಸ್ಪತ್ರೆಯಿಂದ ಬಂದ ಎರಡನೆಯ ವಾರದಲ್ಲೇ ಅಪ್ಪ, "ಇದು ವಾಸಿಯಾಗುವ ಕಾಯಿಲೆಯಲ್ಲ, ಮಕ್ಕಳಿಗೆ ಹೇಳಬೇಡ, ನೊಂದುಕೊಳ್ಳುತ್ತಾರೆ" ಎಂದಿದ್ದರಂತೆ. ಒಂದೇ ಸೂರಿನ ಕೆಳಗೆ ನಾವೆಲ್ಲರೂ ಒಂದೇ ಸತ್ಯವನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಬದುಕಿದ್ದೆವು!

ಬಂಧುಗಳೇ, ಇದು ನಮ್ಮ ಮನೆಯೊಂದರ ಕಥೆಯಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾಗಿದ್ದ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮಹಿಳೆ ಮರಣಾಸನ್ನರಾದ ರೋಗಿಗಳ ಬಳಿ ಕುಳಿತು ಅವರ ಮಾತನ್ನು ಕೇಳಿ 1969ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಮ್ಮ ಕಾಯಿಲೆಯ ಗಾಂಭೀರ್ಯ ಬಹುಮಂದಿ ರೋಗಿಗಳಿಗೆ ತಿಳಿದೇ ಇರುತ್ತದೆಂಬುದನ್ನು ಅವರು ಕಂಡುಕೊಂಡರು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಕೂಡ ಎಂದು ಬೋಧಿಸಿದರು. ನಮ್ಮ ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕಾರ್ಯ ಇಂದು ಹಳ್ಳಿಹಳ್ಳಿಗಳಿಗೆ ಹಬ್ಬಿದೆ. ಅಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ರೋಗಿಯ ಮನೆಗೆ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯವೂ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂತಹ ಸೇವೆಯನ್ನು ಸಲ್ಲಿಸುತ್ತಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ರೋಗಿಯನ್ನೇ ಕೇಳಬೇಕು. ಕಾಯಿಲೆಯ ಹೆಸರನ್ನು ಅವರ ಮೇಲೆ ಹೇರಬೇಕಾಗಿಲ್ಲ. "ಡಾಕ್ಟರು ಹೇಳಿದ್ದರಲ್ಲಿ ನಿಮಗೇನು ತಿಳಿಯಿತು? ಇನ್ನೂ ತಿಳಿಯಬೇಕೆಂದು ಮನಸ್ಸಿದೆಯೇ?" ಎಂದು ಕೇಳಿ ಸುಮ್ಮನೆ ಕುಳಿತರೆ ಸಾಕು. ತಿಳಿಯುವುದು ಬೇಡವೆಂದರೆ ಆ ಇಚ್ಛೆಯನ್ನೂ ಗೌರವಿಸೋಣ.

ಎರಡನೆಯದಾಗಿ, ವೈದ್ಯರೊಡನೆ ಮಾತನಾಡಲು ಒಬ್ಬರನ್ನು ಗೊತ್ತುಮಾಡಬೇಕು. ಐದು ಮಂದಿ ಹೋಗಿ ಕೇಳಿದರೆ ಐದು ಬಗೆಯ ಅರ್ಥಗಳು ಮನೆಗೆ ಬರುತ್ತವೆ. ಆ ಒಬ್ಬರು ಕೇಳಿದ್ದನ್ನು ಪುಸ್ತಕವೊಂದರಲ್ಲಿ ಬರೆದಿಟ್ಟು, ದೂರದಲ್ಲಿರುವವರಿಗೆಲ್ಲ ಒಂದೇ ಮಾತನ್ನು ಅಂದೇ ತಿಳಿಸಲಿ. ಖರ್ಚಿನ ಲೆಕ್ಕವೂ ಅದರಲ್ಲೇ ಇರಲಿ. ಮುಚ್ಚಿಟ್ಟ ಲೆಕ್ಕ ಮುಂದೆ ಪಾಲಿನ ಜಗಳವಾಗುತ್ತದೆ.

ಮೂರನೆಯದಾಗಿ, ದೂರದಿಂದ ಬಂದವರು ಬಂದ ಗಳಿಗೆಯಲ್ಲೇ ತಪ್ಪು ಹುಡುಕಬಾರದು. ಅಣ್ಣ ತಿಂಗಳಿಗೊಮ್ಮೆ ಬಂದು, "ಇನ್ನೂ ದೊಡ್ಡ ಆಸ್ಪತ್ರೆಗೆ ಏಕೆ ಸೇರಿಸಲಿಲ್ಲ?" ಎಂದು ಗದರುತ್ತಿದ್ದರು. ಅದು ಹತ್ತಿರದಲ್ಲಿಲ್ಲವೆಂಬ ಅವರ ಸಂಕಟವೆಂದು ನನಗೆ ಬಹಳ ತಡವಾಗಿ ಅರ್ಥವಾಯಿತು. ಆದರೆ ಆ ಮಾತಿನ ಪೆಟ್ಟು ಬಿದ್ದದ್ದು ರಾತ್ರಿಯಿಡೀ ಎಚ್ಚರವಿದ್ದು ಗಂಜಿ ಕುಡಿಸುತ್ತಿದ್ದ ನನ್ನ ಹೆಂಡತಿಯ ಮೇಲೆ. ಬಂದವರು ಮೊದಲು, "ಎರಡು ದಿನ ನಾನು ನೋಡಿಕೊಳ್ಳುತ್ತೇನೆ, ನೀನು ಮಲಗಮ್ಮಾ" ಎನ್ನಲಿ. ಆ ಬಳಿಕ ಆಡುವ ಮಾತಿಗೆ ಬೆಲೆಯುಂಟು.

ಇನ್ನೊಂದು ಮಾತು. ಗುರುಗಳನ್ನು ಕರೆಸಿದರೆ ರೋಗಿ ಹೆದರಿಬಿಡುತ್ತಾರೆಂದು ಪ್ರಜ್ಞೆ ತಪ್ಪುವವರೆಗೂ ಕಾಯುವ ವಾಡಿಕೆ ನಮ್ಮಲ್ಲಿದೆ. ರೋಗಿಗಳ ಅಭ್ಯಂಗವು ಕೊನೆಯುಸಿರಿನ ಗಳಿಗೆಗೆ ಮಾತ್ರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿತು. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅದರ ವಿಧಿಯನ್ನು ಪರಿಷ್ಕರಿಸಿದರು. ರೋಗಿ ಎದ್ದು ಕುಳಿತು, ಎಲ್ಲರೊಡನೆ ತಾನೂ ದನಿಗೂಡಿಸಿ ಪ್ರಾರ್ಥಿಸಬಲ್ಲ ಕಾಲದಲ್ಲೇ ಗುರುಗಳು ಬರಲಿ. ಮನಸ್ಸಿನಲ್ಲಿ ಉಳಿದ ಮಾತುಗಳು ಹೊರಬರಲು, ಹಳೆಯ ಮುನಿಸುಗಳು ಕರಗಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದು ಸಿಗಲಾರದು.

ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದಾಗ ಮೊದಲ ದಿನವೇ ತಂಗಿಗೆ ತಿಳಿಸಿದೆವು. ಅವಳು ಹಗಲಿನಲ್ಲೇ ಕಾಡು ದಾಟಿ ಬಂದು ಇಪ್ಪತ್ತು ದಿನ ಇದ್ದಳು. ತನ್ನ ಓಲೆ ಯಾರಿಗೆ, ಸಮಾಧಿ ಎಲ್ಲಿ ಎಂಬುದನ್ನೆಲ್ಲ ಅಮ್ಮನೇ ಹೇಳಿದರು. ಅತ್ತೆವು, ಆದರೆ ಈ ಬಾರಿ ಎಲ್ಲರೂ ಒಟ್ಟಿಗೆ ಕುಳಿತು ಅತ್ತೆವು. ಅಮ್ಮ ಹೋದ ಮೇಲೆ ಅಂಗಳದಲ್ಲಿ ಯಾರೂ ಯಾರನ್ನೂ "ಏಕೆ ಹೇಳಲಿಲ್ಲ?" ಎಂದು ಕೇಳಬೇಕಾಗಿ ಬರಲಿಲ್ಲ.

ಇಂದು ಮನೆಗೆ ಹೋದ ಮೇಲೆ ತಮ್ಮಲ್ಲಿ ಯಾರಾದರೂ ದೂರದ ತಂಗಿಗೋ ತಮ್ಮನಿಗೋ ತಡೆದಿಟ್ಟಿದ್ದ ಸುದ್ದಿಯನ್ನು ತಿಳಿಸಿದರೆ ನನ್ನ ಈ ಮಾತುಗಳು ಸಾರ್ಥಕ.