ಅಪ್ಪನ ಸೂಟ್‌ಕೇಸುಗಳು

ಗುಲಾಬಿ ಗೋಡೆ ಹುಡುಕಿ, ನಟ್ಟನಡುವೆ ನಿಂತು ನೀವು ಮಾಡುವ ವೆಸ್ ಆಂಡರ್‌ಸನ್ ಶೈಲಿಯ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಚೆನ್ನಾಗಿವೆ. ಆದರೆ ಆತನ ಸೊಗಸು ಬರೀ ಬಣ್ಣದ್ದಲ್ಲ.

ಹ್ಯೂಸ್ಟನ್‌ನಲ್ಲಿ 1969ರಲ್ಲಿ ಹುಟ್ಟಿದ ವೆಸ್‌ಗೆ ಎಂಟು ವರ್ಷವಾದಾಗ ಅಪ್ಪ ಅಮ್ಮ ಬೇರೆಯಾದರು. ಕಾಲೇಜು ಗೆಳೆಯ ಓವೆನ್ ವಿಲ್ಸನ್ ಜೊತೆ ಬರೆದ 1996ರ 'ಬಾಟಲ್ ರಾಕೆಟ್' ಓಡಲಿಲ್ಲ. ಆಮೇಲೆ 'ರಶ್‌ಮೋರ್', 'ದಿ ರಾಯಲ್ ಟೆನನ್‌ಬಾಮ್ಸ್'. ಮನೆ ಒಪ್ಪ, ಮನೆಮಂದಿ ಚೆಲ್ಲಾಪಿಲ್ಲಿ. ಮೊದಲ ಆಸ್ಕರ್ ಸಿಕ್ಕಿದ್ದು 2024ರಲ್ಲಿ, ಅದೂ ಕಿರುಚಿತ್ರಕ್ಕೆ!

ನನಗೆ ಹತ್ತಿರವಾದದ್ದು 2007ರ 'ದಿ ಡಾರ್ಜಿಲಿಂಗ್ ಲಿಮಿಟೆಡ್'. ಹೆಸರು ಡಾರ್ಜಿಲಿಂಗ್, ಚಿತ್ರೀಕರಣ ಹೆಚ್ಚಾಗಿ ರಾಜಸ್ಥಾನ. ಸಂಗೀತದ ಒಂದಷ್ಟು ಭಾಗ ಸತ್ಯಜಿತ್ ರಾಯ್ ಚಿತ್ರಗಳದ್ದು. ತೀರಿಕೊಂಡ ಅಪ್ಪನ ದುಬಾರಿ ಸೂಟ್‌ಕೇಸುಗಳನ್ನು ಹೊತ್ತು ಮೂವರು ಅಣ್ಣತಮ್ಮಂದಿರು ಭಾರತ ಸುತ್ತುತ್ತಾರೆ. ಕೊನೆಗೆ, ಹೊರಟ ರೈಲು ಹಿಡಿಯಲು ಓಡುತ್ತಾ ಎಲ್ಲವನ್ನೂ ಎಸೆದುಬಿಡುತ್ತಾರೆ. ಭಾರತ ಅಲ್ಲಿ ಬರೀ ಹಿಂದಿನ ಪರದೆ ಎಂಬ ದೂರು ನನಗೂ ಇದೆ. ಆದರೂ ಆ ಓಟ ನೋಡಿದಾಗ ನಮ್ಮ ಗ್ಯಾರೇಜಿನ ಪೆಟ್ಟಿಗೆಗಳು ನೆನಪಾದವು. ಮದುವೆಯಾಗಿ ಬಂದಾಗ ತಂದವು. ಮಗಳಿಗೆ ಬೇಡ, ನನಗೆ ಎಸೆಯಲು ಕೈ ಬರದು.

ಈ ಶನಿವಾರ ಅಪ್ಪ ಅಮ್ಮನ ಜೊತೆ ಕೂತು ನೋಡಿ. ಒಂದೆರಡು ಕಡೆ ಮುಜುಗರವಾದೀತು, ಇರಲಿ. ಸೂಟ್‌ಕೇಸು ಎಸೆಯುವಾಗ ಮಾತ್ರ ಪರದೆ ಬಿಟ್ಟು ಅವರ ಮುಖ ನೋಡಿ.