ಅಪ್ಪ ಎತ್ತಿಕೊಂಡರೆ ಕೂಸು ಯಾಕೆ ಅಳುತ್ತದೆ?

‘ಹೆಂಗಸರು ಯಾರು ಎತ್ತಿಕೊಂಡರೂ ನಗುವ ನಾಲ್ಕು ತಿಂಗಳ ಕೂಸು, ಅಪ್ಪ ಎತ್ತಿಕೊಂಡರೆ ಮುಖ ತಿರುಗಿಸುತ್ತದೆ. ಅದಕ್ಕೆ ಗಂಡಸರೆಂದರೆ ಭಯವೇ?’ ಕೇಳುಗರಿಂದ ಈ ಪ್ರಶ್ನೆಯ ಪತ್ರಗಳು ನಿಂತೇ ಇಲ್ಲ.

ಕೂಸಿಗೆ ಇನ್ನೂ ಗಂಡು ಮುಖದ ಬಳಕೆಯಾಗಿಲ್ಲ, ಅಷ್ಟೆ. ಮನೋವಿಜ್ಞಾನಿ ಪಾಲ್ ಕ್ವಿನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮೂರು–ನಾಲ್ಕು ತಿಂಗಳ ಶಿಶುಗಳ ಮುಂದೆ ಹೆಣ್ಣಿನ ಮುಖ, ಗಂಡಿನ ಮುಖ ಅಕ್ಕಪಕ್ಕ ಇಟ್ಟು, ಕಣ್ಣು ಎತ್ತ ಹೆಚ್ಚು ಹೊತ್ತು ನಿಲ್ಲುತ್ತದೆಂದು ಅಳೆದರು. ತಾಯಿಯ ಕೈಯಲ್ಲಿ ಬೆಳೆಯುತ್ತಿದ್ದ ಶಿಶುಗಳು ಹೆಣ್ಣಿನ ಮುಖವನ್ನೇ ಹೆಚ್ಚು ನೋಡಿದವು. ಕೂದಲು ಕಾಣದಂತೆ ಮಾಡಿದರೂ ಅಷ್ಟೇ. ಆದರೆ ತಂದೆಯೇ ಮುಖ್ಯವಾಗಿ ನೋಡಿಕೊಳ್ಳುತ್ತಿದ್ದ ಕೆಲವು ಶಿಶುಗಳು ಗಂಡಿನ ಮುಖದತ್ತ ಒಲಿದವು. ಇನ್ನೊಮ್ಮೆ ಹೇಳುತ್ತೇನೆ: ದಿನವೂ ಯಾರ ಮುಖ ಹೆಚ್ಚು ಕಾಣುತ್ತದೋ, ಅಂಥ ಮುಖಗಳತ್ತಲೇ ಕೂಸಿನ ಕಣ್ಣು ಹೋಗುತ್ತದೆ.

ದನಿಯದೂ ಇದೇ ಕಥೆ. ತಾಯಿಯ ದನಿ ಆಕೆಯ ಮೈಯೊಳಗಿಂದಲೇ ಗರ್ಭಕ್ಕೆ ಮುಟ್ಟುತ್ತದೆ. ಹಾಗಾಗಿ ನವಜಾತ ಶಿಶು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಬಯಸುತ್ತದೆಂದು 1980ರಲ್ಲೇ ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ಅಪ್ಪನ ದನಿಗೆ ಅಂಥ ಒಲವು ಹುಟ್ಟಿದೊಡನೆ ಕಾಣುವುದಿಲ್ಲ. ಗಂಡು ದನಿ ಗಂಡು ಮುಖದ್ದು ಎಂದು ಜೋಡಿಸುವುದು ಆರರಿಂದ ಎಂಟು ತಿಂಗಳ ಹೊತ್ತಿಗೆ ಬಲಿಯುತ್ತದೆ.

ಇದನ್ನೆಲ್ಲ ಬಿಟ್ಟು ‘ದೃಷ್ಟಿಯಾಗಿದೆ’, ‘ಗಡ್ಡಕ್ಕೆ ಹೆದರಿದೆ’ ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋದ ಮಗಳು ಮೂರು ತಿಂಗಳೋ ಐದು ತಿಂಗಳೋ ಅಲ್ಲೇ ಇರುತ್ತಾಳೆ. ಅಪ್ಪ ಭಾನುವಾರದ ನೆಂಟ. ಬಂದರೂ ‘ನಿಮಗೆ ಎತ್ತಿಕೊಳ್ಳೋಕೆ ಬರಲ್ಲ, ಕತ್ತು ವಾಲುತ್ತೆ, ಕೊಡಿ ಇಲ್ಲಿ’ ಎಂದು ಅಜ್ಜಿ ಕೂಸನ್ನು ಕಿತ್ತುಕೊಳ್ಳುವುದನ್ನು ನನ್ನ ಕಣ್ಣೆದುರೇ ಎಷ್ಟೋ ಸಲ ಕಂಡಿದ್ದೇನೆ. ಮುಖ ತೋರಿಸಲು ಬಿಡದೆ, ಮಗು ಗುರುತಿಸಲಿಲ್ಲ ಎಂದರೆ ಹೇಗೆ? ಮತ್ತೆ ಹೇಳುತ್ತೇನೆ, ನೋಡಿದಷ್ಟೇ ಬಳಕೆ.

ಸಮಯ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಹುಟ್ಟಿದ ವಾರದಿಂದಲೇ ಅಪ್ಪನ ಮುಖ ಕೂಸಿಗೆ ಒಂದು ಗೇಣಿನಷ್ಟು ಹತ್ತಿರ ಬರಲಿ. ಬಟ್ಟೆ ಬದಲಿಸುವುದು, ತೇಗಿಸುವುದು ಅಪ್ಪನ ಕೆಲಸವಾಗಲಿ, ಮಾಡುತ್ತಾ ಮಾತಾಡಲಿ. ಎಂಟು ತಿಂಗಳ ಹೊತ್ತಿಗೆ ಹೊಸಬರನ್ನು ಕಂಡು ಅಳುವುದು ಬೆಳವಣಿಗೆಯ ಸಹಜ ಹಂತ. ಯಾರ ದನಿಗೂ ಕೂಸು ತಿರುಗದಿದ್ದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ. ಅಪ್ಪನೊಬ್ಬನ ದನಿಗೆ ತಿರುಗದಿದ್ದರೆ, ದಿನಕ್ಕೆ ಇನ್ನಷ್ಟು ಹೊತ್ತು ಕೂಸನ್ನು ಅವನ ಕೈಗೇ ಕೊಡಿ.