ಬೆಳೆಯುವ ಕೈಗೆ ಊರಿನಲ್ಲಿ ಪಾಲಿರಲಿ

(ಹುಡಗಿಯಲ್ಲಿ ಜರಗಿದ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಮಕ್ಕಾದಿಂದ ಮನೆಮಾರು ತೊರೆದು ಬಂದ ಮುಹಾಜಿರರನ್ನು ಮದೀನಾದ ಅನ್ಸಾರರು ಬರಮಾಡಿಕೊಂಡ ಚರಿತ್ರೆಯನ್ನು ನಾವೆಲ್ಲರೂ ಬಲ್ಲೆವು. ಅದರಲ್ಲಿ ತೋಟದ ವಿಷಯವೊಂದಿದೆ. ತಮ್ಮ ಖರ್ಜೂರದ ತೋಟಗಳನ್ನು ವಲಸೆ ಬಂದ ಸಹೋದರರಿಗೆ ಹಂಚಿಕೊಡಬೇಕೆಂದು ಅನ್ಸಾರರು ಪ್ರವಾದಿ(ಸ)ರವರಲ್ಲಿ ವಿನಂತಿಸಿದರು. ಪ್ರವಾದಿ(ಸ)ರವರು ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಮುಹಾಜಿರರು ತೋಟದಲ್ಲಿ ದುಡಿಯುವುದು, ಫಲದಲ್ಲಿ ಪಾಲು ಪಡೆಯುವುದು ಎಂದು ತೀರ್ಮಾನವಾಯಿತು. ವಲಸಿಗನ ಬೆವರಿಗೆ ಪಾಲಿನ ಗೌರವ ದೊರೆಯಿತು.

ನಮ್ಮ ಬೀದರ್ ನಗರವೂ ಬಂದವರ ಋಣದಲ್ಲಿದೆ. ನೌಬಾದಿನ ಕರೇಜನ್ನು ನೋಡಿರಿ. ನೆಲದಡಿ ಸುರಂಗ ಕೊರೆದು, ಸಾಲು ಬಾವಿಗಳಿಂದ ಅದಕ್ಕೆ ಬೆಳಕು-ಗಾಳಿ ಕೊಟ್ಟು, ಇಳಿಜಾರಿನಲ್ಲೇ ನೀರು ಹರಿಸುವ ಆ ವಿದ್ಯೆ ಬಹಮನಿಗಳ ಕಾಲದಲ್ಲಿ ಪರ್ಶಿಯಾದಿಂದ ಬಂದುದು. 1472ರಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನನೂ ಪರ್ಶಿಯಾದ ಗೀಲಾನಿನವನೇ.

ಬೆಂಗಳೂರಿನಲ್ಲಿ ಹೈದರಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಆ ನಗರದ ತೋಟಗಾರಿಕೆಯನ್ನು ಬೆಳೆಸಿದವರಲ್ಲಿ ತಿಗಳ ಸಮುದಾಯ ಪ್ರಮುಖವಾದುದು. ತಮಿಳು ನಾಡಿನಿಂದ ಬಂದವರೆನ್ನಲಾಗುವ ಅವರು ಕೆರೆಯಂಗಳಗಳಲ್ಲಿ ಹೂವು, ತರಕಾರಿ ಬೆಳೆದು ನಗರವನ್ನು ಪೋಷಿಸಿದರು. ಅವರ ಕರಗ ಇಂದಿಗೂ ಹಜ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡುತ್ತದೆ. ಆದರೆ ಅವರ ತೋಟಗಳಿಗೆ ನೀರುಣಿಸಿದ ಸಂಪಂಗಿ ಕೆರೆ ಎಲ್ಲಿದೆ? ಅಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗೆಂದು ಪುಟ್ಟ ಕೊಳವೊಂದು ಮಾತ್ರ ಉಳಿದಿದೆ. ನಗರವು ಬೆಳೆದವನ ಹಬ್ಬವನ್ನು ಉಳಿಸಿಕೊಂಡಿತು, ಅವನ ನೀರನ್ನು ಕಸಿದುಕೊಂಡಿತು.

ಈ ಮಾತು ನಮಗೆ ದೂರದ್ದಲ್ಲ. ನಮ್ಮ ಭಾಗದ ಎಷ್ಟೋ ಕುಟುಂಬಗಳು ಕೂಲಿಗಾಗಿ ಹೈದರಾಬಾದು, ಪುಣೆ, ಬೆಂಗಳೂರುಗಳನ್ನು ಸೇರಿವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರೆಂಬ ಆರೋಪ ಹೊರಿಸಿ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು! ಹೈಕೋರ್ಟು ಮಧ್ಯ ಪ್ರವೇಶಿಸಬೇಕಾಯಿತು. ಬಡವನನ್ನು ಹೊರಗಿನವನೆನ್ನುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ನಮ್ಮನ್ನೂ ಪರೀಕ್ಷಿಸಿಕೊಳ್ಳೋಣ. ಬಟ್ಟೆಯಂಗಡಿಯಲ್ಲಿ ಕೇಳಿದಷ್ಟು ತೆತ್ತು ಬರುವ ನಾವು, ಸೊಪ್ಪು ಮಾರುವ ತಾಯಿಯೊಂದಿಗೆ ಎರಡು ರೂಪಾಯಿಗೆ ಜಗಳವಾಡುತ್ತೇವೆ. ಬಡಾವಣೆಯ ಉದ್ಯಾನದ ಜಾಗ ಪ್ರಭಾವಿಗಳ ಪಾಲಾಗುವಾಗ ಸುಮ್ಮನಿರುತ್ತೇವೆ. ಚುನಾವಣೆಯಲ್ಲಿ ಅಭ್ಯರ್ಥಿಯ ಜಾತಿ, ಜಮಾಅತ್ ಕೇಳುತ್ತೇವೆ. ತರಕಾರಿಯವರಿಗೆ ನೆರಳೆಲ್ಲಿ, ನೀರೆಲ್ಲಿ ಎಂದು ಕೇಳುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೆ ನೀಡಿದೆ. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ನಮ್ಮ ಪಟ್ಟಣಗಳಲ್ಲಿ ಆ ಸಮಿತಿ ಇದೆಯೇ, ಸಭೆ ಸೇರುತ್ತಿದೆಯೇ? ಇದನ್ನು ವಿಚಾರಿಸುವುದು ನಮ್ಮ ಹೊಣೆ.

ಸರಕಾರವನ್ನು ಪ್ರಶ್ನಿಸುವುದರೊಂದಿಗೆ ನಮ್ಮ ಕೈಯಲ್ಲಿರುವುದನ್ನೂ ಮಾಡೋಣ. ವುಜೂವಿನ ನೀರು ದಿನಕ್ಕೆ ಐದು ಹೊತ್ತು ಚರಂಡಿ ಸೇರುತ್ತಿದೆ. ಮಸೀದಿ, ಶಾಲೆಗಳ ಪಕ್ಕದ ಖಾಲಿ ನೆಲದಲ್ಲಿ ಜಾಲಿ ಬೆಳೆದಿದೆ. ಆ ನೀರನ್ನು ಈ ನೆಲಕ್ಕೆ ತಿರುಗಿಸಿ, ಮೊಹಲ್ಲಾದ ಭೂಮಿಯಿಲ್ಲದ ಕುಟುಂಬಗಳಿಗೆ ಜಾತಿ-ಮತ ನೋಡದೆ ಮಡಿಗಳನ್ನು ವಹಿಸಿಕೊಟ್ಟರೆ ಅವರ ಮಕ್ಕಳ ತಟ್ಟೆಗೆ ಸೊಪ್ಪು ಬೀಳುತ್ತದೆ. ವಿಧವೆಯರಿಗೆ, ವಲಸೆ ಬಂದವರಿಗೆ ಮೊದಲ ಆದ್ಯತೆಯಿರಲಿ.

ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದುದು ನೆಟ್ಟವನ ಪಾಲಿಗೆ ದಾನವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಆ ಹಕ್ಕಿ ಯಾವ ಊರಿನದೆಂದು ಅಲ್ಲಿ ಕೇಳಿಲ್ಲ. ಮನುಷ್ಯನನ್ನು ನಾವೇಕೆ ಕೇಳಬೇಕು?

ಅಲ್ಲಾಹನು ನಮ್ಮೆಲ್ಲರನ್ನೂ ನ್ಯಾಯದ ಪಕ್ಷದಲ್ಲಿ ನಿಲ್ಲಿಸಲಿ. ಆಮೀನ್.